‘ಸ್ವಲ್ಪ ಸ್ವಲ್ಪ ಬರುತ್ತೆ’: ಅಮೆರಿಕದ ಕೌಂಟರಿನಲ್ಲಿ ಅರೆಬರೆ ಇಂಗ್ಲಿಷಿನ ಪಾಡು

‘ಇಂಗ್ಲಿಷ್ ಬರುತ್ತಾ?’ ಅಂತ ಕೇಳಿದರೆ ನಮ್ಮ ಹಿರಿಯರು ಹೇಳುವುದು ‘ಸ್ವಲ್ಪ ಸ್ವಲ್ಪ’ ಅಂತ. ಅದರಲ್ಲಿ ವಿನಯವೂ ಇದೆ, ನಿಜವೂ ಇದೆ. ಅಮೆರಿಕದ ಜನಗಣತಿ ಇಲಾಖೆಯೂ 1980ರಿಂದ ಇದೇ ಪ್ರಶ್ನೆ ಕೇಳುತ್ತಿದೆ, ಆದರೆ ಉತ್ತರಕ್ಕೆ ನಾಲ್ಕು ಖಾನೆ ಕೊಟ್ಟಿದ್ದಾರೆ: ತುಂಬಾ ಚೆನ್ನಾಗಿ ಬರುತ್ತದೆ, ಚೆನ್ನಾಗಿ ಬರುತ್ತದೆ, ಅಷ್ಟು ಚೆನ್ನಾಗಿ ಬರುವುದಿಲ್ಲ, ಬರುವುದೇ ಇಲ್ಲ. ಮೊದಲನೆಯದನ್ನು ಬಿಟ್ಟು ಯಾವುದಕ್ಕೆ ಗುರುತು ಹಾಕಿದರೂ ನೀವು ‘ಸೀಮಿತ ಇಂಗ್ಲಿಷ್’ ಉಳ್ಳವರ ಲೆಕ್ಕಕ್ಕೆ ಸೇರುತ್ತೀರಿ. ಆ ಲೆಕ್ಕದಲ್ಲಿ ಈಗ ಎರಡೂವರೆ ಕೋಟಿಗೂ ಹೆಚ್ಚು ಜನರಿದ್ದಾರೆ, ಅಂದರೆ ನೂರಕ್ಕೆ ಎಂಟರಷ್ಟು.

‘ಚೆನ್ನಾಗಿ ಬರುತ್ತದೆ’ ಅಂದವರನ್ನೂ ಯಾಕೆ ಸೇರಿಸಿದರು ಅಂತ ನನಗೆ ಮೊದಮೊದಲು ಆಶ್ಚರ್ಯವಾಗುತ್ತಿತ್ತು. ಅಮ್ಮನನ್ನು ಒಂದು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದ ಮೇಲೆ ಅರ್ಥವಾಯಿತು.

ನಾನಿರುವುದು ನ್ಯೂಜೆರ್ಸಿಯಲ್ಲಿ. ಅಮ್ಮ ತಿಪಟೂರಿನ ಕಡೆಯವರು, ಆ ಕಾಲದ ಎಸ್‌ಎಸ್‌ಎಲ್‌ಸಿ. ಅಂಗಡಿಯಲ್ಲಿ ಬಿಲ್ ಓದುತ್ತಾರೆ, ಪಕ್ಕದ ಮನೆಯವರಿಗೆ ‘ಗುಡ್ ಮಾರ್ನಿಂಗ್, ಹೌ ಆರ್ ಯು’ ಅನ್ನುತ್ತಾರೆ. ಡಾಕ್ಟರು ಏನು ತೊಂದರೆ ಅಂತ ಕೇಳಿದಾಗ ಧೈರ್ಯವಾಗಿಯೇ ಹೇಳಿದರು: ‘ಐ ಹ್ಯಾವ್ ಬಿಪಿ, ಶುಗರ್. ಥ್ರೀ ಡೇಸ್ ನೋ ಮೋಷನ್.’ ತುಮಕೂರಿನ ಯಾವ ಡಾಕ್ಟರಿಗಾದರೂ ಇದು ಸ್ಫಟಿಕದಷ್ಟು ಸ್ಪಷ್ಟ. ಅಮೆರಿಕದ ಡಾಕ್ಟರಿಗೆ ಬಿಪಿ ಅಂದರೆ ಎಲ್ಲರಿಗೂ ಇರುವ ರಕ್ತದ ಒತ್ತಡ, ಅದರಲ್ಲಿ ಕಾಯಿಲೆ ಏನು ಬಂತು? ಶುಗರ್ ಅಂದರೆ ಸಕ್ಕರೆ. ಇನ್ನು ಮೋಷನ್ ಅಂದರೆ ಚಲನೆ. ಮೂರು ದಿನದಿಂದ ಚಲನೆ ಇಲ್ಲ ಅಂತ ಕೇಳಿಸಿಕೊಂಡ ಅವರು ಎದ್ದು ಬಂದು ಅಮ್ಮನ ಕೈಯೆತ್ತಿ ನೋಡಿದರು. ನಾನು ನಗು ತಡೆದುಕೊಂಡು ವಿವರಿಸಿದೆ. ಕೊನೆಗೆ ಅವರು ಔಷಧದ ಬಗ್ಗೆ ಒಂದಷ್ಟು ಹೇಳಿ ‘ಅರ್ಥವಾಯಿತಾ?’ ಅಂದರು. ಅಮ್ಮ ‘ಯೆಸ್ ಯೆಸ್’ ಅಂತ ತಲೆಯಾಡಿಸಿದರು. ಕಾರಿನಲ್ಲಿ ಕೂತು ಸೀಟ್‌ಬೆಲ್ಟ್ ಹಾಕಿಕೊಳ್ಳುತ್ತಾ ಕೇಳಿದ್ದು: ‘ಏನಂದ್ರೋ ಅವರು?’

ಇಂಗ್ಲಿಷ್ ಒಂದಕ್ಷರವೂ ಬಾರದವರ ಮುಂದೆ ಕೌಂಟರಿನವರು ಬೇರೆ ದಾರಿಯಿಲ್ಲದೆ ದುಭಾಷಿಯನ್ನು ಹುಡುಕುತ್ತಾರೆ. ‘ಯೆಸ್’ ಅನ್ನುವವರ ಮುಂದೆ ಯಾರೂ ಏನನ್ನೂ ಹುಡುಕುವುದಿಲ್ಲ. ಭಾಷೆಯ ತೊಡಕು ಅಂದಾಗ ನಾವು ಊಹಿಸಿಕೊಳ್ಳುವುದು ಗೋಡೆಯನ್ನು. ಗೋಡೆಯಾದರೆ ಕಣ್ಣಿಗೆ ಕಾಣುತ್ತದೆ. ಇದು ಮೇಲೆ ಚಾಪೆ ಹಾಸಿದ ಗುಂಡಿ.

ಈ ಗುಂಡಿಗೆ ಬಿದ್ದವರ ಅತ್ಯಂತ ಪ್ರಸಿದ್ಧ ಪ್ರಕರಣ 1980ರದು, ಫ್ಲಾರಿಡಾದ್ದು. ಕ್ಯೂಬಾ ಮೂಲದ ಕುಟುಂಬದ 18 ವರ್ಷದ ಬೇಸ್‌ಬಾಲ್ ಆಟಗಾರ ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದ. ಮನೆಯವರು ‘ಇಂತೊಕ್ಸಿಕಾದೊ’ ಅಂದರು. ಕ್ಯೂಬಾದ ಸ್ಪ್ಯಾನಿಷಿನಲ್ಲಿ ಅದರರ್ಥ ತಿಂದದ್ದೋ ಕುಡಿದದ್ದೋ ಮೈಗೆ ಆಗದೆ ಕೆಟ್ಟಿದೆ ಅಂತ. ಆಸ್ಪತ್ರೆಯವರ ಕಿವಿಗೆ ಬಿದ್ದದ್ದು ಇಂಗ್ಲಿಷಿನ ‘ಇಂಟಾಕ್ಸಿಕೇಟೆಡ್’, ಅಂದರೆ ಅಮಲು. ಮಾದಕವಸ್ತು ಅತಿಯಾಗಿ ಸೇವಿಸಿದ್ದಾನೆ ಅಂತ ಆ ದಿಕ್ಕಿನಲ್ಲೇ ಚಿಕಿತ್ಸೆ ನಡೆಯಿತು. ನಿಜವಾಗಿ ಆಗುತ್ತಿದ್ದದ್ದು ಮೆದುಳಿನಲ್ಲಿ ರಕ್ತಸ್ರಾವ. ಅದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು, ಹುಡುಗನ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವು. ಆಮೇಲೆ ರಾಜಿಯಾದ ಪರಿಹಾರ, ಆತ ಪೂರ್ಣಾಯುಷ್ಯ ಬದುಕಿದರೆ ಸುಮಾರು 7 ಕೋಟಿ 10 ಲಕ್ಷ ಡಾಲರಿನಷ್ಟಾಗುತ್ತಿತ್ತು. ಅಲ್ಲಿ ದುಭಾಷಿಯನ್ನು ಯಾರೂ ಕರೆಯಲಿಲ್ಲ, ಯಾಕೆಂದರೆ ಮಾತು ಅರ್ಥವಾಗಿದೆ ಅಂತಲೇ ಎರಡೂ ಕಡೆಯವರು ನಂಬಿದ್ದರು.

ಔಷಧದ ಚೀಟಿಯಲ್ಲೂ ಇಂಥದೇ ಒಂದು ಬಲೆ ಇದೆ. ದಿನಕ್ಕೆ ಒಂದು ಸಲ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಒನ್ಸ್’ ಅಂತ ಬರೆಯುತ್ತಾರಲ್ಲ, ಆ ನಾಲ್ಕು ಅಕ್ಷರಗಳನ್ನು ಸ್ಪ್ಯಾನಿಷಿನವರು ‘ಓನ್ಸೆ’ ಅಂತ ಓದುತ್ತಾರೆ. ಅವರ ಭಾಷೆಯಲ್ಲಿ ಅದು ಹನ್ನೊಂದು. ನಮಗೆ ಅಕ್ಷರವೇ ಬೇರೆಯಾದ್ದರಿಂದ ಈ ಕಷ್ಟವಿಲ್ಲ, ಆದರೆ ತಾರೀಖಿನದು ಇದೆ. 5/8 ಅಂತ ಬರೆದುಕೊಟ್ಟರೆ ನಮ್ಮವರಿಗೆ ಆಗಸ್ಟ್ ಐದು, ಅಮೆರಿಕದವರಿಗೆ ಮೇ ಎಂಟು.

ಇನ್ನು ಕಾನೂನು ಏನು ಹೇಳುತ್ತದೆ? ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಭಾಗದಲ್ಲಿ ಭಾಷೆ ಎಂಬ ಪದವೇ ಇಲ್ಲ. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಜನಾಂಗ, ಬಣ್ಣ, ಮೂಲ ದೇಶ ನೋಡಿ ಭೇದ ಮಾಡಬಾರದು ಅಂತ ಇದೆ, ಅಷ್ಟೆ. ಭಾಷೆ ಅದರೊಳಕ್ಕೆ ಬಂದದ್ದು ಹತ್ತು ವರ್ಷದ ನಂತರ. ಸ್ಯಾನ್‌ಫ್ರಾನ್ಸಿಸ್ಕೋದ ಶಾಲೆಗಳಲ್ಲಿ ಸುಮಾರು 1,800 ಚೀನೀ ಮಕ್ಕಳು ಇಂಗ್ಲಿಷ್ ಕಲಿಸುವ ಯಾವ ಹೆಚ್ಚಿನ ನೆರವೂ ಇಲ್ಲದೆ ತರಗತಿಯಲ್ಲಿ ಸುಮ್ಮನೆ ಕೂತಿದ್ದರು. ಎಲ್ಲರಿಗೂ ಅದೇ ಪುಸ್ತಕ, ಅದೇ ಮೇಷ್ಟ್ರು ಕೊಟ್ಟಿದ್ದೇವೆ, ಇದರಲ್ಲಿ ಭೇದ ಎಲ್ಲಿದೆ ಅಂತ ಶಾಲಾ ಆಡಳಿತ ವಾದಿಸಿತು. ‘ಲಾ ವಿರುದ್ಧ ನಿಕಲ್ಸ್’ ಎಂಬ ಆ ಮೊಕದ್ದಮೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿದ್ದು: ಅರ್ಥವೇ ಆಗದ ಮಗುವಿಗೆ ಅದೇ ಪುಸ್ತಕ ಕೊಟ್ಟರೆ ಅದು ಸಮಾನತೆಯಲ್ಲ. ಮಾತು ಅರ್ಥವಾಗದಂತೆ ಇಡುವುದೂ ಮೂಲ ದೇಶದ ಹೆಸರಿನ ಭೇದವೇ ಎಂಬ ತರ್ಕ ಅಲ್ಲಿಂದ ಗಟ್ಟಿಯಾಯಿತು. ಸರ್ಕಾರದ ದುಡ್ಡು ತಲುಪುವ ಆಸ್ಪತ್ರೆ, ಶಾಲೆ, ಪೊಲೀಸ್ ಠಾಣೆ, ವಸತಿ ಕಚೇರಿ ಎಲ್ಲಕ್ಕೂ ಅದು ಅನ್ವಯಿಸುತ್ತಾ ಬಂತು. 2000ದ ಆಗಸ್ಟಿನಲ್ಲಿ ಅಧ್ಯಕ್ಷ ಕ್ಲಿಂಟನ್ 13166ನೇ ಆದೇಶ ಹೊರಡಿಸಿ, ಕೇಂದ್ರದ ಇಲಾಖೆಗಳೂ ಇಂಗ್ಲಿಷ್ ಕಡಿಮೆ ಬರುವವರಿಗೆ ದಾರಿ ಮಾಡಿಕೊಡಲು ಯೋಜನೆ ಹಾಕಿಕೊಳ್ಳಬೇಕು ಅಂದರು.

ಕಾಗದದ ಮೇಲೆ ಚಂದವಾಗಿದೆ. ಆದರೆ 2001ರಲ್ಲಿ ಅದೇ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ಅಲಬಾಮಾ ರಾಜ್ಯ ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಮಾತ್ರ ನಡೆಸುತ್ತಿತ್ತು, ಅದರ ವಿರುದ್ಧದ ದಾವೆ ಅದು. ಬೇಕೆಂದೇ ಭೇದ ಮಾಡಿದರೆ ವ್ಯಕ್ತಿಗಳು ಕೋರ್ಟಿಗೆ ಹೋಗಬಹುದು, ಆದರೆ ಒಂದು ನಿಯಮದ ಪರಿಣಾಮದಿಂದ ಕೆಲವರಿಗೆ ತೊಂದರೆಯಾಯಿತು ಅಂತ ಈ ನಿಯಮಗಳಡಿ ಖಾಸಗಿಯಾಗಿ ದಾವೆ ಹೂಡುವಂತಿಲ್ಲ ಅಂತ ತೀರ್ಮಾನವಾಯಿತು. ಭಾಷೆಯ ತೊಂದರೆಗಳು ಬಹುಪಾಲು ಈ ಎರಡನೇ ಬಗೆಯವೇ. ಬೇಕೆಂದು ಯಾರೂ ಮಾಡಿರುವುದಿಲ್ಲ, ಫಾರ್ಮು ಇಂಗ್ಲಿಷಿನಲ್ಲಿ ಇರುತ್ತದೆ, ಅಷ್ಟೆ. ಹಾಗಾಗಿ ಹಣ ಕೊಡುವ ಕೇಂದ್ರದ ಇಲಾಖೆಗೆ ದೂರು ಕೊಟ್ಟು ಕಾಯುವುದೇ ಮುಖ್ಯ ದಾರಿಯಾಗಿ ಉಳಿಯಿತು. 2025ರ ಮಾರ್ಚ್ 1ರಂದು ಅಧ್ಯಕ್ಷ ಟ್ರಂಪ್ ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಘೋಷಿಸಿ, ಕ್ಲಿಂಟನ್ನರ ಆದೇಶವನ್ನು ರದ್ದು ಮಾಡಿದರು. ಆಗ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ಇನ್ನು ದುಭಾಷಿ ಸಿಗುವುದಿಲ್ಲವಂತೆ’ ಎಂಬ ಸುದ್ದಿ ಓಡಾಡಿತು. ಅದು ಸರಿಯಲ್ಲ. ಹೊಸ ಆದೇಶವೇ, ಈಗಿರುವ ಸೇವೆಗಳನ್ನು ನಿಲ್ಲಿಸಲೇಬೇಕು ಅಂತ ಇಲಾಖೆಗಳಿಗೆ ಹೇಳಿಲ್ಲ, ಆ ತೀರ್ಮಾನವನ್ನು ಇಲಾಖೆಯ ಮುಖ್ಯಸ್ಥರಿಗೆ ಬಿಟ್ಟಿದೆ. 1964ರ ಕಾಯ್ದೆಯನ್ನು ಅಧ್ಯಕ್ಷರ ಆದೇಶ ಅಳಿಸಲಾರದು. ಬದಲಾದದ್ದು ಒತ್ತಡ. ಮೊದಲು ಮೇಲಿನಿಂದ ‘ಮಾಡಿ’ ಅನ್ನುವ ದನಿ ಇತ್ತು, ಈಗ ‘ನಿಮ್ಮಿಷ್ಟ’ ಅನ್ನುವ ದನಿ ಇದೆ. ಸರ್ಕಾರಿ ಕಚೇರಿ ಕಂಡವರಿಗೆ ಈ ಎರಡರ ನಡುವಿನ ಅಂತರ ಎಷ್ಟು ಅಂತ ಹೇಳಬೇಕಿಲ್ಲ.

ಯಾವ ಭಾಷೆಗೆ ಎಷ್ಟು ಅನ್ನುವ ಲೆಕ್ಕ ಇನ್ನೊಂದು ಕಥೆ. ಮುಖ್ಯವಾದ ಕಾಗದಪತ್ರಗಳನ್ನು ಅನುವಾದಿಸಲು ನ್ಯಾಯ ಇಲಾಖೆ 2002ರಲ್ಲಿ ಒಂದು ಅಳತೆ ಕೊಟ್ಟಿತ್ತು: ಒಂದು ಸಂಸ್ಥೆ ಸೇವೆ ಕೊಡುವ ಜನರಲ್ಲಿ ಒಂದು ಭಾಷೆಯವರು ನೂರಕ್ಕೆ ಐದರಷ್ಟಿದ್ದರೆ ಅಥವಾ 1,000 ಜನ ಇದ್ದರೆ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಒಂದು ಊರಿನ ಕನ್ನಡಿಗರೆಲ್ಲ ಯುಗಾದಿಗೆ ಒಂದೇ ಸಭಾಂಗಣದಲ್ಲಿ ಸೇರಿ, ಹೋಳಿಗೆ ಮುಗಿಯುವ ಮುಂಚೆ ತಲೆ ಎಣಿಸಿದರೂ, ಇಂಗ್ಲಿಷ್ ಕಷ್ಟ ಅನ್ನುವವರು ಈ ಅಳತೆ ಮುಟ್ಟುವುದು ಅಪರೂಪ. ಆಸ್ಪತ್ರೆಗಳ ಗೋಡೆಯ ಮೇಲೆ ‘ಉಚಿತ ಭಾಷಾ ನೆರವು ಲಭ್ಯ’ ಅಂತ ಹಲವು ಲಿಪಿಗಳಲ್ಲಿ ಬರೆದಿರುತ್ತದಲ್ಲ, ಆ ರಾಜ್ಯದಲ್ಲಿ ಇಂಗ್ಲಿಷ್ ಕಡಿಮೆ ಬರುವವರು ಹೆಚ್ಚಾಗಿ ಆಡುವ 15 ಭಾಷೆಗಳಲ್ಲಾದರೂ ಅದನ್ನು ಹಾಕಬೇಕು ಅಂತ ಆರೋಗ್ಯ ಇಲಾಖೆಯ 2024ರ ನಿಯಮ ಹೇಳುತ್ತದೆ. ಅಲ್ಲಿ ಕನ್ನಡ ಕಂಡ ನೆನಪು ನನಗಿಲ್ಲ. ಇಲ್ಲೇ ನಮ್ಮವರು ಮೋಸ ಹೋಗುವುದು: ಪಟ್ಟಿಯಲ್ಲಿ ಇಲ್ಲ, ಅಂದಮೇಲೆ ನಮಗೆ ಸಿಗುವುದಿಲ್ಲ ಅಂದುಕೊಳ್ಳುತ್ತಾರೆ. ಆ ಪಟ್ಟಿ ಬೋರ್ಡಿಗೆ ಮಾತ್ರ. ದುಭಾಷಿಯನ್ನು ಕೇಳಲು ನಿಮ್ಮ ಭಾಷೆಗೆ ಸಂಖ್ಯಾಬಲ ಬೇಕಿಲ್ಲ.

ಮತದಾನದ ಕಾಯ್ದೆಯಲ್ಲಂತೂ ಈ ಲೆಕ್ಕ ತಮಾಷೆಯ ಮಟ್ಟ ಮುಟ್ಟಿದೆ. 1975ರ ತಿದ್ದುಪಡಿಯ ಪ್ರಕಾರ, ಇಂಗ್ಲಿಷ್ ಕಡಿಮೆ ಬರುವ ಒಂದು ಭಾಷಾ ಸಮುದಾಯದ ಮತದಾರರು ಒಂದು ಪ್ರಮಾಣ ಮೀರಿದರೆ ಆ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಅವರ ಭಾಷೆಯಲ್ಲೂ ಬ್ಯಾಲೆಟ್ ಕೊಡಬೇಕು. 2011ರ ಲೆಕ್ಕದಲ್ಲಿ ನ್ಯೂಯಾರ್ಕಿನ ಕ್ವೀನ್ಸ್, ಶಿಕಾಗೋ ಇರುವ ಕುಕ್ ಕೌಂಟಿ, ಲಾಸ್ ಏಂಜಲೀಸ್ ಮೂರೂ ‘ಏಷ್ಯನ್ ಇಂಡಿಯನ್’ ಎಂಬ ಸಮುದಾಯಕ್ಕಾಗಿ ಆ ಗೆರೆ ದಾಟಿದವು. ಏಷ್ಯನ್ ಇಂಡಿಯನ್ ಅಂದರೆ ಯಾವ ಭಾಷೆ? ಅಲ್ಲಿಗೆ ಬಂದಾಗ ಸ್ಥಳೀಯ ಅಧಿಕಾರಿಗಳು ಒಂದೊಂದು ಭಾಷೆಯನ್ನು ಆರಿಸಿಕೊಂಡರು. ಕ್ವೀನ್ಸ್ ಬಂಗಾಳಿಯನ್ನು, ಕುಕ್ ಮತ್ತು ಲಾಸ್ ಏಂಜಲೀಸ್ ಹಿಂದಿಯನ್ನು. ಗೆರೆ ದಾಟಲು ತಲೆ ಎಣಿಸುವಾಗ ಕ್ವೀನ್ಸಿನ ಕನ್ನಡದ ಅಜ್ಜಿಯೂ ಲೆಕ್ಕಕ್ಕಿದ್ದಾರೆ, ಬ್ಯಾಲೆಟ್ ಕೈಗೆ ಬಂದಾಗ ಅದು ಬಂಗಾಳಿ. ಒಂದು ಸಮಾಧಾನವಿದೆ: ಓದಲು ಬಾರದವರು ತಮಗೆ ಬೇಕಾದವರನ್ನು ಮತಗಟ್ಟೆಯೊಳಕ್ಕೆ ನೆರವಿಗೆ ಕರೆದೊಯ್ಯಬಹುದು, ಕೆಲಸ ಕೊಟ್ಟ ಧಣಿಯನ್ನೂ ಯೂನಿಯನ್ನಿನವರನ್ನೂ ಬಿಟ್ಟು.

ದೇಶಕ್ಕೆ ಒಂದೇ ಭಾಷೆ ಎಂಬ ಈ ಊಹೆ ಬ್ಯಾಲೆಟ್ಟಿನಲ್ಲಾದರೆ ತಮಾಷೆ. ಬೇರೆ ಕಡೆ ಅಲ್ಲ. 2018ರ ಡಿಸೆಂಬರಿನಲ್ಲಿ ಗ್ವಾಟೆಮಾಲಾದಿಂದ ಅಪ್ಪನ ಜೊತೆ ಗಡಿ ದಾಟಿ ಬಂದ 7 ವರ್ಷದ ಹುಡುಗಿ, ಗಡಿ ಪಡೆಯ ವಶಕ್ಕೆ ಸಿಕ್ಕ ಬೆನ್ನಲ್ಲೇ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಗು ಆರೋಗ್ಯವಾಗಿದೆ ಅಂತ ಬರೆದ ಇಂಗ್ಲಿಷ್ ಫಾರ್ಮಿಗೆ ಅಪ್ಪನ ಸಹಿ ಇತ್ತು. ಅಧಿಕಾರಿಗಳು ಅವನೊಂದಿಗೆ ಸ್ಪ್ಯಾನಿಷಿನಲ್ಲಿ ಮಾತನಾಡಿದ್ದರು, ಆತನ ತಾಯ್ನುಡಿ ಕೆಕ್‌ಚಿ ಎಂಬ ಮಾಯಾ ಭಾಷೆ. ಸಾವಿಗೆ ಭಾಷೆಯೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಸಹಿಯನ್ನು ‘ಅವನೇ ಒಪ್ಪಿದ್ದಾನೆ’ ಅಂತ ಹೇಗೆ ಓದುವುದು? ನಮ್ಮವರ ವಿಷಯದಲ್ಲಿ ಸ್ಪ್ಯಾನಿಷಿನ ಜಾಗದಲ್ಲಿ ಹಿಂದಿ ಬರುತ್ತದೆ. ‘ಇಂಡಿಯಾ’ ಅಂದ ಕೂಡಲೇ ಕೌಂಟರಿನವರು ಹಿಂದಿ ದುಭಾಷಿಗೆ ಫೋನ್ ಹಚ್ಚುತ್ತಾರೆ, ಟಿವಿ ಸೀರಿಯಲ್ಲಿನ ಬಲದಿಂದ ನಮ್ಮ ಹಿರಿಯರು ‘ಥೋಡಾ ಥೋಡಾ’ ಅನ್ನುತ್ತಾರೆ. ಅರೆಬರೆ ಇಂಗ್ಲಿಷಿನ ಜಾಗದಲ್ಲಿ ಅರೆಬರೆ ಹಿಂದಿ ಬಂದು ಕೂರುತ್ತದೆ.

ಹಾಗಂತ ನಾವೂ ಇದರಲ್ಲಿ ಹಾಲಿನಲ್ಲಿ ತೊಳೆದವರಲ್ಲ. ಕರ್ನಾಟಕದಿಂದ ಬಂದವರಿಗೆಲ್ಲ ಕನ್ನಡ ಸಾಕು ಅನ್ನುತ್ತೇವೆ. ಮಂಗಳೂರಿನ ತುಳು ಅಜ್ಜಿಗೆ, ಮಡಿಕೇರಿಯ ಕೊಡವ ಅಜ್ಜನಿಗೆ, ಭಟ್ಕಳದ ನವಾಯತಿ ಮನೆಯ ಹೆಂಗಸಿಗೆ ನೋವು ಹೇಳಿಕೊಳ್ಳುವ ಭಾಷೆ ಕನ್ನಡವಲ್ಲದೇ ಇರಬಹುದು. ಬೆಂಗಳೂರಿನ ಆರೋಗ್ಯ ಕೇಂದ್ರಕ್ಕೆ ಬರುವ ಒಡಿಶಾದ ಕಟ್ಟಡ ಕೆಲಸಗಾರನೂ ‘ನಾರ್ತ್ ಇಂಡಿಯನ್, ಹಿಂದಿ ಬರುತ್ತೆ’ ಎಂಬ ಖಾನೆಗೇ ಬೀಳುತ್ತಾನೆ.

ಈಗ ದುಭಾಷಿಯ ವಿಷಯಕ್ಕೆ ಬರೋಣ. ಹೆಚ್ಚಿನ ಕಡೆ ದುಭಾಷಿ ಎದುರಿಗೆ ಬಂದು ಕೂರುವುದಿಲ್ಲ, ಫೋನಿನಲ್ಲೋ ಪರದೆಯಲ್ಲೋ ಸಿಗುತ್ತಾರೆ. ಈ ವ್ಯವಸ್ಥೆಗೂ ವಲಸಿಗರೇ ಕಾರಣ. ಆಸ್ಟ್ರೇಲಿಯಾ 1973ರಲ್ಲಿ ಸರ್ಕಾರದ ಲೆಕ್ಕದಲ್ಲೇ ಫೋನ್ ದುಭಾಷಿ ಸೇವೆ ಶುರು ಮಾಡಿತು. ಅಮೆರಿಕದಲ್ಲಿ ಮುಂದೆ ದೊಡ್ಡ ಉದ್ಯಮವಾಗಿ ಬೆಳೆದ ಇಂಥ ಸೇವೆ ಶುರುವಾದದ್ದು 1982ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ, ವಿಯೆಟ್ನಾಮಿನಿಂದ ಬಂದ ನಿರಾಶ್ರಿತರ ಮಾತು ಪೊಲೀಸರಿಗೆ ತಿಳಿಯದೆ ಒದ್ದಾಡಿದ ಮೇಲೆ. ಸ್ಪ್ಯಾನಿಷ್ ದುಭಾಷಿ ಕ್ಷಣದಲ್ಲಿ ಸಿಗುತ್ತಾರೆ. ಕನ್ನಡಕ್ಕೆ ಕಾಯಬೇಕಾಗಬಹುದು, ಆದ್ದರಿಂದ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿಟ್ಟರೆ ಒಳ್ಳೆಯದು. ಹೇಳುವುದಾದರೂ ಯಾರಿಗೆ? ಫೋನ್ ಮಾಡಿದರೆ ಇಂಗ್ಲಿಷಿಗೆ ಒಂದು ಒತ್ತಿ, ಸ್ಪ್ಯಾನಿಷಿಗೆ ಎರಡು ಒತ್ತಿ ಅನ್ನುತ್ತದೆ. ಕನ್ನಡ ಬೇಕು ಅಂತ ಕೇಳಲು ಮೊದಲು ಇಂಗ್ಲಿಷಿನ ಬಾಗಿಲು ದಾಟಬೇಕು.

ಆ ಬಾಗಿಲಲ್ಲಿ ನಿಂತಿರುವುದು ನಾವು, ಮಕ್ಕಳು. ಹೊಸ ರೋಗಿಯ ನೋಂದಣಿಯಲ್ಲಿ ‘ಯಾವ ಭಾಷೆ ಇಷ್ಟ, ದುಭಾಷಿ ಬೇಕೆ’ ಅಂತ ಒಂದು ಖಾನೆ ಇರುತ್ತದೆ. ಕಂಪ್ಯೂಟರಿನಲ್ಲಿ ಅದು ಹೇಗೆ ತುಂಬಿದೆಯೋ ಮುಂದಿನ ಎಲ್ಲ ಕರೆ, ಪತ್ರ, ಭೇಟಿ ಹಾಗೆಯೇ ನಡೆಯುತ್ತವೆ. ಅಮ್ಮನ ಫಾರ್ಮಿನಲ್ಲಿ ‘ಇಂಗ್ಲಿಷ್’, ‘ಬೇಡ’ ಅಂತ ತುಂಬಿದ್ದು ಬೇರೆ ಯಾರೂ ಅಲ್ಲ, ನಾನೇ. ಕೆಲಸ ಬೇಗ ಮುಗಿಯಲಿ ಅಂತ. ನಾನಿದ್ದೇನಲ್ಲ ಅಂತ.

ನಾನಿದ್ದರೆ ಏನಾಗುತ್ತದೆ? 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಕ್ಕಳ ಡಾಕ್ಟರ ಹತ್ತಿರ ಸ್ಪ್ಯಾನಿಷ್ ದುಭಾಷಿಗಳ ಮೂಲಕ ನಡೆದ 13 ಭೇಟಿಗಳನ್ನು ಧ್ವನಿಮುದ್ರಿಸಿ, ತಪ್ಪುಗಳನ್ನು ಎಣಿಸಿದರು. ಸಿಕ್ಕಿದ್ದು 396 ತಪ್ಪು, ಭೇಟಿಗೆ ಸರಾಸರಿ 31. ಅವುಗಳಲ್ಲಿ ನೂರಕ್ಕೆ 63 ಚಿಕಿತ್ಸೆಯ ಮೇಲೆ ಪರಿಣಾಮ ಬೀರಬಲ್ಲಂಥವು. ಆಸ್ಪತ್ರೆಯ ದುಭಾಷಿಗಳೂ ತಪ್ಪಿದ್ದರು, ಆದರೆ ಸಿಕ್ಕವರನ್ನು ಹಿಡಿದು ಮಾತಾಡಿಸಿದ ಕಡೆ ಗಂಭೀರ ತಪ್ಪುಗಳು ಹೆಚ್ಚಿದ್ದವು. ಕನ್ನಡದ ಮಗನಾದರೆ ಇನ್ನೂ ಕಷ್ಟ. ‘ಸಂಕಟ’ ಆಗುತ್ತಿದೆ ಅಂದರೆ ವಾಕರಿಕೆಯೋ, ಎದೆಯೋ, ಹೊಟ್ಟೆಯೋ, ಮನಸ್ಸೋ? ‘ಉಷ್ಣ ಆಗಿದೆ’ ಅಂದರೆ ಜ್ವರವಲ್ಲ, ಹಾಗಾದರೆ ಏನು? ನಾನು ‘ಫೀಲಿಂಗ್ ಹಾಟ್’ ಅಂತ ಹೇಳಿ ಕೈತೊಳೆದುಕೊಂಡಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ಬಿಳಿ ಸೆರಗು, ಕೆಮ್ಮಿದಾಗ ಮೂತ್ರ ಸೋರುವುದು ಇಂಥದನ್ನು ಮಗನ ಬಾಯಲ್ಲಿ ಹೇಳಿಸಲು ಯಾವ ತಾಯಿ ಮನಸ್ಸು ಮಾಡುತ್ತಾಳೆ? ಅತ್ತ ಮಗನೂ ಸೋಸುತ್ತಾನೆ. ಡಾಕ್ಟರು ಕ್ಯಾನ್ಸರ್ ಅಂದರೆ ಅಪ್ಪನಿಗೆ ‘ಗಡ್ಡೆ’ ಅನ್ನುತ್ತಾನೆ. ಪ್ರೀತಿಯಿಂದಲೇ. ಇನ್ನು ಗಂಡನೇ ಹೊಡೆಯುವವನಾಗಿದ್ದು, ಅವನೇ ದುಭಾಷಿಯೂ ಆದರೆ ಆ ಹೆಂಗಸಿನ ಮಾತು ಎಲ್ಲಿಗೆ ತಲುಪುತ್ತದೆ?

ಇದಕ್ಕೇ 2024ರ ನಿಯಮದಲ್ಲಿ ಎರಡು ಅಂಶಗಳಿವೆ. ತೀರಾ ತುರ್ತು ಅಲ್ಲದಿದ್ದರೆ ಅಪ್ರಾಪ್ತ ಮಕ್ಕಳನ್ನು ದುಭಾಷಿಯಾಗಿ ಬಳಸುವಂತಿಲ್ಲ. ಜೊತೆಗೆ ಬಂದ ದೊಡ್ಡವರೇ ಸಾಕು ಅಂತ ರೋಗಿ ಹೇಳುವುದಾದರೆ, ಆ ಮಾತನ್ನು ಆ ಜೊತೆಗಾರರನ್ನು ಹೊರಗಿಟ್ಟು, ನಿಜವಾದ ದುಭಾಷಿಯ ಮುಂದೆ ಕೇಳಬೇಕು. ಇದು ಅತಿಯಾಯಿತು ಅಂತ ಗೊಣಗುವ ಮಕ್ಕಳನ್ನು ನೋಡಿದ್ದೇನೆ. ನನಗೆ ಈ ಇಡೀ ವ್ಯವಸ್ಥೆಯಲ್ಲೇ ಅತ್ಯಂತ ವಿವೇಕದ ಸಾಲು ಇದು ಅನ್ನಿಸುತ್ತದೆ.

ಪೌರತ್ವದ ಕಚೇರಿಯಲ್ಲಿ ಮಾತ್ರ ಲೆಕ್ಕ ತಿರುಗಾಮುರುಗ. ಅಲ್ಲಿ ಇಂಗ್ಲಿಷೇ ಪರೀಕ್ಷೆ. 50 ವರ್ಷ ದಾಟಿ 20 ವರ್ಷ ಗ್ರೀನ್ ಕಾರ್ಡಿನಲ್ಲಿ ಇದ್ದವರಿಗೆ, ಅಥವಾ 55 ದಾಟಿ 15 ವರ್ಷ ಇದ್ದವರಿಗೆ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಇದೆ, ನಾಗರಿಕ ಜ್ಞಾನದ ಪ್ರಶ್ನೆಗಳಿಗೆ ತಮ್ಮ ಭಾಷೆಯಲ್ಲಿ ಉತ್ತರಿಸಬಹುದು. ಆದರೆ ಮಕ್ಕಳು ಕರೆಸಿಕೊಂಡ ನಮ್ಮ ಹಿರಿಯರು ಬರುವುದೇ ಅರವತ್ತರ ಮೇಲೆ. 62ಕ್ಕೆ ಬಂದವರು 67ಕ್ಕೆ ಅರ್ಜಿ ಹಾಕಬಹುದು, ಇಂಗ್ಲಿಷ್ ಬೇಡ ಅನ್ನಬೇಕಾದರೆ 77ರ ತನಕ ಕಾಯಬೇಕು. ಮೇಲಾಗಿ ಅಲ್ಲಿಗೆ ದುಭಾಷಿಯನ್ನು ನಾವೇ ಕರೆದುಕೊಂಡು ಹೋಗಬೇಕು.

ಮುಂದಿನ ಭೇಟಿಗೆ ಮುಂಚೆ ಅಮ್ಮನ ಫಾರ್ಮನ್ನು ತಿದ್ದಿಸಿದೆ. ದುಭಾಷಿಗಳು ಪಾಲಿಸುವ ಎರಡು ನಿಯಮಗಳನ್ನೂ ಅಮ್ಮನಿಗೆ ಹೇಳಿದ್ದೆ. ಒಂದು, ಅವರು ‘ನನಗೆ ನೋವಿದೆ’ ಅಂತ ನಿಮ್ಮ ಬಾಯಾಗಿಯೇ ಮಾತಾಡುತ್ತಾರೆ, ‘ಇವರಿಗೆ ನೋವಂತೆ’ ಅನ್ನುವುದಿಲ್ಲ. ಎರಡು, ಕೋಣೆಯಲ್ಲಿ ಆಡಿದ ಪ್ರತಿ ಮಾತನ್ನೂ ದಾಟಿಸುತ್ತಾರೆ, ಬಿಡುವ ಹಾಗಿಲ್ಲ. ಅಮ್ಮ ತಲೆಯಾಡಿಸಿದ್ದರು. ಆ ತಲೆಯಾಡಿಸುವಿಕೆಯ ಅರ್ಥ ನನಗೆ ಅಷ್ಟರಲ್ಲಿ ಗೊತ್ತಿರಬೇಕಿತ್ತು.

ನನ್ನನ್ನು ಹೊರಗೆ ಕೂರಿಸಿದರು. ಮೂವತ್ತೈದು ನಿಮಿಷ ಒಳಗಿದ್ದು ಬಂದ ಅಮ್ಮ ಕಾರಿನಲ್ಲಿ ಈ ಸಲ ‘ಏನಂದ್ರೋ ಅವರು’ ಅನ್ನಲಿಲ್ಲ. ಮಾತ್ರೆ ಯಾವಾಗ, ಊಟಕ್ಕೆ ಮುಂಚೆಯೋ ಆಮೇಲೋ, ತಲೆ ಸುತ್ತಿದರೆ ಏನು ಮಾಡಬೇಕು ಎಲ್ಲ ನನಗೇ ಹೇಳಿದರು. ಫೋನಿನಲ್ಲಿದ್ದ ಹೆಣ್ಣುಮಗಳ ಕನ್ನಡ ಕೇಳಿ ಖುಷಿಯಾಗಿ, ‘ನಿಮ್ಮೂರು ಯಾವುದಮ್ಮಾ?’ ಅಂತ ಕೇಳಿದರಂತೆ. ನಿಯಮದ ಪ್ರಕಾರ ಆಕೆ ಅದನ್ನು ಇಂಗ್ಲಿಷಿಗೆ ದಾಟಿಸಿದ್ದಾರೆ. ತನ್ನನ್ನೇ ಕೇಳಿದ್ದು ಅಂದುಕೊಂಡು ಡಾಕ್ಟರು ಉತ್ತರಿಸಿದ್ದಾರೆ. ಅದು ಮತ್ತೆ ಆ ಹೆಣ್ಣುದನಿಯಲ್ಲೇ ಕನ್ನಡವಾಗಿ ಬಂದಿದೆ: ‘ನಾನು ಹುಟ್ಟಿ ಬೆಳೆದದ್ದೆಲ್ಲ ಕ್ಲೀವ್‌ಲ್ಯಾಂಡಿನಲ್ಲಿ.’

‘ನೋಡು,’ ಅಂದರು ಅಮ್ಮ, ‘ಕ್ಲೀವ್‌ಲ್ಯಾಂಡಿನಲ್ಲಿ ಹುಟ್ಟಿದ ಹುಡುಗಿ ಎಷ್ಟು ಅಚ್ಚುಕಟ್ಟಾಗಿ ಕನ್ನಡ ಮಾತಾಡ್ತಾಳೆ. ನಿನ್ನ ಮಕ್ಕಳಿಗೆ ಏನಾಗಿದೆ?’